ಹಗ್ಗ ಎಳೆಯುವ ಗಾಳಿ

ಬಿಜೂರಿಗೆ ಹತ್ತಿರದ ಕೊಡೇರಿಯಲ್ಲಿ ನಾಡದೋಣಿಯವರೊಬ್ಬರನ್ನು ಕೇಳಿದೆ: ಕಡಲ ನಡುವೆ ಎಂಜಿನ್ ನಿಂತರೆ? "ಹ್ವಾಯ್, ಹಗ್ಗ ಎಳುದ್, ಮತ್ತೆಂತ" ಎಂದರು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ ಅದು. ಹಗ್ಗಕ್ಕೂ ಬಗ್ಗದಿದ್ದರೆ ಪ್ಲಗ್ ಬಿಚ್ಚಿ ಒರೆಸುತ್ತಾರೆ. ಅಷ್ಟು ಹೊತ್ತೂ ದೋಣಿ ತೇಲುತ್ತಿರುತ್ತದೆ.

ಜೆಟ್ ವಿಮಾನಕ್ಕೆ ಆ ಭಾಗ್ಯವಿಲ್ಲ. ಎಂಜಿನ್ ಆರಿದ ಗಳಿಗೆಯಿಂದಲೇ ಎತ್ತರ ಕರಗತೊಡಗುತ್ತದೆ. ಹಾಗೆಂದು ಅದು ಕಲ್ಲಿನಂತೆ ಬೀಳುವುದೂ ಇಲ್ಲ, ಮುಂದಕ್ಕೆ ಜಾರುತ್ತದೆ. ಜಾರುವಾಗ ಎದುರುಗಾಳಿ ಒಳನುಗ್ಗಿ ಎಂಜಿನ್ನಿನ ಚಕ್ರಗಳನ್ನು ತಿರುಗಿಸುತ್ತದೆ. ತಕ್ಕಷ್ಟು ವೇಗ ಬಂದಾಗ ಇಂಧನ ಬಿಟ್ಟು ಕಿಡಿ ಕೊಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಇಲ್ಲಿ ಹಗ್ಗ ಎಳೆಯುವುದು ಗಾಳಿ; ಅದು ಕೇಳುವ ಕೂಲಿ ಎತ್ತರ.

ಇಂಧನ ಹೆಚ್ಚಾದರೆ ಟರ್ಬೈನ್ ಸುಡುತ್ತದೆ, ಕಡಿಮೆಯಾದರೆ ಹೊತ್ತುವುದೇ ಇಲ್ಲ. ಈ ನಾಜೂಕಿನ ಲೆಕ್ಕವನ್ನು ಈಗ ನೋಡಿಕೊಳ್ಳುವುದು ಫೇಡೆಕ್ ಎಂಬ ಗಣಕ. ಅದರೊಳಗೆ ಎರಡು ಚಾನೆಲ್, ಒಂದು ಕೈಕೊಟ್ಟರೆ ಇನ್ನೊಂದು. ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ ಕಟ್ಟಿದ ಕಾವೇರಿ ಜೆಟ್ ಎಂಜಿನ್ನಿಗೂ ಇಂಥದೇ ಜೋಡಿ ವ್ಯವಸ್ಥೆ. ಒಂಟಿ ಎಂಜಿನ್ನಿನ ಎಫ್-16 ಯುದ್ಧವಿಮಾನದ ಮೊದಮೊದಲ ಮಾದರಿಗಳಲ್ಲಿ 'ಬ್ಯಾಕ್‌ಅಪ್ ಕಂಟ್ರೋಲ್' ಎಂಬ ಬದಲಿ ವ್ಯವಸ್ಥೆಯೇ ಇತ್ತು, ಮುಖ್ಯ ನಿಯಂತ್ರಣ ಕೆಟ್ಟರೆ ಪೈಲಟ್ ಸ್ವಿಚ್ ತಿರುಗಿಸಿ ಅದರಿಂದಲೇ ಎಂಜಿನ್ ಹೊತ್ತಿಸಬಹುದಿತ್ತು.

ಎಷ್ಟೇ ಬದಲಿ ಇಟ್ಟುಕೊಂಡರೂ ಗಾಳಿಯ ಕೂಲಿ ತಪ್ಪುವುದಿಲ್ಲ. 1982ರ ಜೂನ್ 24ರ ರಾತ್ರಿ ಜಾವಾ ಬಳಿ ಗಲುಂಗುಂಗ್ ಜ್ವಾಲಾಮುಖಿಯ ಬೂದಿ ಹೊಕ್ಕು ಬ್ರಿಟಿಷ್ ಏರ್‌ವೇಸ್ ಜಂಬೋ ಜೆಟ್‌ನ ನಾಲ್ಕೂ ಎಂಜಿನ್ ಆರಿದವು. ಕ್ಯಾಪ್ಟನ್ ಎರಿಕ್ ಮೂಡಿ ಮತ್ತು ಸಂಗಡಿಗರು ಮತ್ತೆ ಮತ್ತೆ ಹೊತ್ತಿಸಲು ನೋಡಿದರು. ಕರಗಿ ಒಳಗೆ ಅಂಟಿದ್ದ ಬೂದಿ, ಎಂಜಿನ್ ತಣ್ಣಗಾದಂತೆ ಗಟ್ಟಿಯಾಗಿ ಉದುರಿತು. ಸುಮಾರು 13,500 ಅಡಿಗೆ ಇಳಿದಾಗ ಮೊದಲನೆಯದು ಎದ್ದಿತು, ಬೆನ್ನಿಗೇ ಉಳಿದವು. ಒಂದು ಮತ್ತೆ ತಕರಾರು ತೆಗೆದಿದ್ದರಿಂದ ಮೂರರಲ್ಲೇ ಜಕಾರ್ತದಲ್ಲಿ ಇಳಿದರು. 37,000 ಅಡಿಯಿಂದ ಜಾರಲು ತೊಡಗಿದ್ದರಿಂದ ಅವರಿಗೆ ಸುಮಾರು 13 ನಿಮಿಷ ಸಿಕ್ಕಿತ್ತು.

ಅಹಮದಾಬಾದಿನಲ್ಲಿ, 2025ರ ಜೂನ್ 12ರಂದು, ಪತನಗೊಂಡ ಏರ್ ಇಂಡಿಯಾ 171 ವಿಮಾನಕ್ಕೆ ಇದ್ದದ್ದು ಕೆಲವೇ ನೂರು ಅಡಿ. ಪ್ರಾಥಮಿಕ ತನಿಖಾ ವರದಿಯ ಪ್ರಕಾರ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎರಡೂ ಇಂಧನ ಸ್ವಿಚ್‌ಗಳು ಕಟ್‌ಆಫ್‌ಗೆ, ಅಂದರೆ ಇಂಧನ ನಿಲ್ಲಿಸುವ ಸ್ಥಾನಕ್ಕೆ, ಹೋದವು. ಸುಮಾರು 10 ಸೆಕೆಂಡಿನ ಮೇಲೆ ಒಂದು, ಮತ್ತೆ 4 ಸೆಕೆಂಡಿಗೆ ಇನ್ನೊಂದು ರನ್‌ಗೆ, ಅಂದರೆ ಇಂಧನ ಹರಿಯುವ ಸ್ಥಾನಕ್ಕೆ, ಮರಳಿದವು. ಫೇಡೆಕ್ ತನ್ನ ಕೆಲಸ ಮಾಡಿತು. ಎರಡೂ ಎಂಜಿನ್ನುಗಳಲ್ಲಿ ಬೆಂಕಿ ಮತ್ತೆ ಹೊತ್ತಿಕೊಂಡಿತು, ಒಂದರ ವೇಗ ಚೇತರಿಸತೊಡಗಿತ್ತು. ಮೊದಲ ಸ್ವಿಚ್ ಮರಳಿದಲ್ಲಿಂದ ರೆಕಾರ್ಡಿಂಗ್ ನಿಲ್ಲುವವರೆಗೆ 19 ಸೆಕೆಂಡ್.