ರಣವನ್ನು ಕಾಣದ ಯೋಧನ ಸ್ಮರಣೆ

ಯುದ್ಧರಂಗದಲ್ಲಿ ಹಗೆಯ ಆಯುಧಕ್ಕೆ ಎದೆಯೊಡ್ಡಿ ಮಡಿದವನನ್ನು ಲೋಕವು ವೀರನೆಂದು ಕೊಂಡಾಡುತ್ತದೆ. ಅವನಿಗಾಗಿ ಕಲ್ಲು ನೆಡುತ್ತದೆ. ನಮ್ಮ ನಾಡಿನ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಆದರೆ ಸೈನಿಕನ ಉಡುಪನ್ನು ತೊಟ್ಟು, ತರಬೇತಿ ಶಿಬಿರದಲ್ಲಿಯೇ ರೋಗಪೀಡಿತನಾಗಿ, ರಣವನ್ನು ಕಾಣುವ ಮೊದಲೇ ಕಣ್ಮುಚ್ಚಿದವನ ಮಾತೇನು? ಅವನಿಗೂ ಸ್ಮರಣೆ ಸಲ್ಲಬೇಕೆ? ಈ ಪ್ರಶ್ನೆಯನ್ನು ನಾವು ಒಂದು ನಿದರ್ಶನದ ಮೂಲಕ ವಿಚಾರ ಮಾಡೋಣ.

1918ರ ಸೆಪ್ಟೆಂಬರ್ ತಿಂಗಳು. ಮೊದಲನೆಯ ಮಹಾಯುದ್ಧದ ಕೊನೆಯ ಘಟ್ಟ. ಅಮೆರಿಕದ ದಕ್ಷಿಣ ಕ್ಯಾರೊಲಿನಾ ಪ್ರಾಂತದಲ್ಲಿ, ಕೊಲಂಬಿಯಾ ನಗರದ ಬಳಿಯ ಕ್ಯಾಂಪ್ ಜಾಕ್ಸನ್ ಶಿಬಿರದಲ್ಲಿ, 21 ವರ್ಷದ ಸಿಪಾಯಿಯೊಬ್ಬನು ಇನ್‌ಫ್ಲುಯೆಂಜಾ ಜ್ವರದಿಂದ ಹಾಸಿಗೆ ಹಿಡಿದನು. ರೋಗವು ಶ್ವಾಸಕೋಶಗಳನ್ನು ಆವರಿಸಿತು. ಸುಮಾರು ಒಂದು ವಾರದೊಳಗೆ, 26ನೆಯ ತಾರೀಖಿನಂದು, ಅವನು ತೀರಿಕೊಂಡನು. ಇಂತಹ ಮರಣ ಅವನೊಬ್ಬನದಲ್ಲ. ಆ ಯುದ್ಧಕಾಲದಲ್ಲಿ ಅಮೆರಿಕದ ಸೇನೆಯವರಲ್ಲಿ ಕಾಳಗದಿಂದ ಅಳಿದವರು ಸುಮಾರು 53,000. ರೋಗವೇ ಮೊದಲಾದ ಇತರ ಕಾರಣಗಳಿಂದ ಅಳಿದವರು ಸುಮಾರು 63,000. ಅದೇ ಜ್ವರವು ನಮ್ಮ ಭಾರತದಲ್ಲಿ ಒಂದು ಕೋಟಿಗೂ ಮೀರಿದ ಜನರನ್ನು ಕೊಂಡೊಯ್ದಿತು.

ಇಲ್ಲಿ ಪೂರ್ವಪಕ್ಷ ಹೀಗಿದೆ: ಶೌರ್ಯವು ಪರೀಕ್ಷೆಯಲ್ಲಿ ಮಾತ್ರ ವ್ಯಕ್ತವಾಗುವುದು. ಪರೀಕ್ಷೆಗೇ ಕುಳಿತಿರದವನನ್ನು ತೇರ್ಗಡೆಯಾದವರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಜ್ವರವು ಹಳ್ಳಿಯ ರೈತನನ್ನೂ ಕೊಲ್ಲುತ್ತದೆ. ಸಿಪಾಯಿಗೆ ಮಾತ್ರ ವಿಶೇಷವೇಕೆ?

ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಕಾಣದ ಶೌರ್ಯವನ್ನು ಕಲ್ಪಿಸಿ ಹೊಗಳುವುದು ಮೃತನಿಗೆ ತೋರುವ ಗೌರವವಲ್ಲ, ಅದು ಸುಳ್ಳು. ಆದರೆ ಸ್ಮರಣೆಯೆಂಬುದು ಶೌರ್ಯಕ್ಕೆ ಕೊಡುವ ಬಹುಮಾನವಲ್ಲ, ನಾವು ಸಲ್ಲಿಸಬೇಕಾದ ಋಣ. ರೈತನು ತನ್ನ ಮನೆಯಲ್ಲಿ ತನ್ನ ಇಚ್ಛೆಯಂತೆ ಇದ್ದನು. ಸಿಪಾಯಿಯಾದರೋ ಎಲ್ಲಿ ಮಲಗಬೇಕು, ಯಾರ ಪಕ್ಕದಲ್ಲಿ ಉಣ್ಣಬೇಕು, ಯಾವ ರೈಲನ್ನು ಹತ್ತಬೇಕು ಎಂಬುದನ್ನೆಲ್ಲ ಪರರ ಆಜ್ಞೆಗೆ ಒಪ್ಪಿಸಿದ್ದನು. ಆ ಆಜ್ಞೆಯೇ ಅವನನ್ನು ರೋಗದ ಮಗ್ಗುಲಲ್ಲಿ ಮಲಗಿಸಿತು. ಮೆಸಾಚುಸೆಟ್ಸಿನ ಕ್ಯಾಂಪ್ ಡೆವೆನ್ಸ್ ಶಿಬಿರವನ್ನು ಕಟ್ಟಿದ್ದು ಸುಮಾರು 36,000 ಜನರಿಗಾಗಿ. ಜ್ವರ ಬಂದಾಗ ಅಲ್ಲಿ ತುಂಬಿದ್ದವರು 45,000ಕ್ಕೂ ಹೆಚ್ಚು. ಶಿಬಿರಗಳಲ್ಲಿ ರೋಗ ಹಬ್ಬಿದ ಕಾರಣ, ಅಕ್ಟೋಬರಿನಲ್ಲಿ ಸೇರಬೇಕಿದ್ದ 1,42,000 ಮಂದಿಯ ಕರೆಯನ್ನು ಸೈನ್ಯವು ರದ್ದುಮಾಡಿತು. ಹಾಗೆ ರದ್ದುಮಾಡಿದ್ದು ಸೆಪ್ಟೆಂಬರ್ 26ರಂದು, ನಮ್ಮ ಸಿಪಾಯಿ ಸತ್ತ ದಿನವೇ.

ಪರರ ಮಗನನ್ನು ತನ್ನ ಆಜ್ಞೆಗೆ ಒಳಪಡಿಸಿದವನು ಅವನ ಅನ್ನಕ್ಕೂ ಆರೋಗ್ಯಕ್ಕೂ ಹೊಣೆ. ಗುಂಡಿನಿಂದ ಸತ್ತರೆ ನಮ್ಮ ಹೊಣೆ, ಜ್ವರದಿಂದ ಸತ್ತರೆ ಅವನ ಹಣೆಬರಹ ಎನ್ನುವುದು ಸಾಲಗಾರನ ನೆವವೇ ಸರಿ.

ಇನ್ನು ಕೆಲವರು ಬೇರೊಂದು ಸಮಾಧಾನವನ್ನು ಹೇಳುವರು. ಆ ಸಿಪಾಯಿಯ ಶ್ವಾಸಕೋಶದ ಸಣ್ಣ ತುಣುಕೊಂದನ್ನು ಮೇಣದಲ್ಲಿ ಅಡಕಮಾಡಿ ವಾಷಿಂಗ್ಟನ್ನಿನಲ್ಲಿ ಇರಿಸಿದ್ದರು. ಸುಮಾರು ಎಂಬತ್ತು ವರ್ಷಗಳ ತರುವಾಯ, 1997ರಲ್ಲಿ, ಜೆಫರಿ ಟಾಬೆನ್‌ಬರ್ಗರ್ ಮತ್ತು ಅವರ ಸಂಗಡಿಗರು ಅದರಿಂದ ಆ ವೈರಾಣುವಿನ ವಂಶವಾಹಿಗಳ ಕೆಲವು ಭಾಗಗಳನ್ನು ಗುರುತಿಸಿದರು; 2005ರ ವೇಳೆಗೆ ಇತರ ಮೃತರ ಅವಶೇಷಗಳ ಸಹಾಯವೂ ಸೇರಿ ಅದರ ಪೂರ್ಣ ರಚನೆ ತಿಳಿಯಿತು. ಆದುದರಿಂದ ಅವನ ಸಾವು ವ್ಯರ್ಥವಾಗಲಿಲ್ಲವೆಂದು ಅವರ ವಾದ. ಲೋಕಕ್ಕೆ ಉಪಕಾರವಾದುದು ನಿಜ. ಆದರೆ ಅದು ಅವನು ಸಂಕಲ್ಪಿಸಿ ಕೊಟ್ಟ ದಾನವಲ್ಲ. ಆ ತುಣುಕು ಕಳೆದುಹೋಗಿದ್ದರೆ ಅವನ ಬೆಲೆ ತಗ್ಗುತ್ತಿತ್ತೆ? ಹಾಗೆಂದರೆ, ಅದೇ ಋತುವಿನಲ್ಲಿ ಸತ್ತು ಏನನ್ನೂ ಉಳಿಸಿಹೋಗದ ಸಾವಿರಾರು ತರುಣರ ತಾಯಂದಿರಿಗೆ ಯಾವ ಉತ್ತರ ಹೇಳೋಣ? ಉಪಯೋಗದಿಂದ ಮನುಷ್ಯನ ಬೆಲೆ ಕಟ್ಟಬಾರದು.

ಪಕ್ಷಮಾಸದಲ್ಲಿ ಶಸ್ತ್ರದಿಂದ ಮಡಿದವರಿಗೆಂದು ಚತುರ್ದಶಿಯನ್ನು ಹಿರಿಯರು ಪ್ರತ್ಯೇಕಿಸಿದ್ದಾರೆ. ತಿಥಿ ಬೇರೆ; ಬಿಡುವ ಎಳ್ಳುನೀರು ಬೇರೆಯಲ್ಲ. ಹಾಗೆಯೇ ವೀರನನ್ನು ವೀರನೆಂದು ಹೊಗಳೋಣ. ರೋಗದಿಂದ ಹೋದವನ ಕಥೆಯನ್ನು ಇದ್ದಂತೆಯೇ ಹೇಳೋಣ: ಬಂದನು, ಇರಿಸಿದಲ್ಲಿ ಇದ್ದನು, ಅಲ್ಲಿಯೇ ತೀರಿದನು. ಋಣವನ್ನು ಒಪ್ಪಿಕೊಳ್ಳಲು ಇಷ್ಟು ಸಾಕು. ಅದನ್ನು ತೀರಿಸುವ ದಾರಿಯೂ ನಮ್ಮ ಬಳಿಯಲ್ಲೇ ಇದೆ. ಶಿಬಿರಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ, ಹಿರಿಯರ ಮಾತನ್ನು ನಂಬಿ ಮನೆ ಬಿಟ್ಟು ಬಂದ ಮಕ್ಕಳಿದ್ದಾರೆ. ಅವರಲ್ಲೊಬ್ಬನಿಗೆ ಮೈ ಬಿಸಿಯಾದಾಗ ಅಲಕ್ಷ್ಯಮಾಡದಿರುವುದೇ ಆ ಯೋಧನಿಗೆ ಸಲ್ಲುವ ನಿಜವಾದ ಸ್ಮರಣೆಯೆಂದು ನಮ್ಮ ಅಭಿಪ್ರಾಯ.