ದಂಡೆಯ ಮೇಲಿನ ಹಿರಿಯರು



ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ಬೆತ್ಸಥ ಕೊಳದ ಶುಭಸಂದೇಶವನ್ನು ಆಲಿಸುತ್ತೇವೆ (ಯೊವಾನ್ನ 5:1-16). 38 ವರ್ಷ ಕಾಯಿಲೆ ಬಿದ್ದವನು ಇದ್ದದ್ದು ಕೊಳದ ಪಕ್ಕದಲ್ಲೇ. ಗುಣವಾಗುವ ಮನಸ್ಸಿದೆಯೇ ಎಂದು ಯೇಸುಸ್ವಾಮಿ ಕೇಳಿದರೆ ಅವನು ಹೌದು ಎನ್ನಲಿಲ್ಲ. ತನ್ನನ್ನು ನೀರಿಗಿಳಿಸಲು ಯಾರೂ ಇಲ್ಲ, ಅಷ್ಟರಲ್ಲಿ ಬೇರೊಬ್ಬರು ಇಳಿದಿರುತ್ತಾರೆ ಎಂದು ತೋಡಿಕೊಂಡ.

ನಮ್ಮ ಮಿರಜವೂ ಅಂಥ ಕೊಳವೇ. 1894ರಲ್ಲಿ ಪ್ರೆಸ್ಬಿಟೇರಿಯನ್ ಮಿಷನರಿ ಡಾ. ವಿಲಿಯಂ ವಾನ್‌ಲೆಸ್ ಇಲ್ಲಿ ಆಸ್ಪತ್ರೆ ತೆರೆದರು. (ಪಂಗಡ ಬೇರೆ, ಉಪಕಾರ ನಮಗೂ ಆಗಿದೆ.) ಅಥಣಿ, ರಾಯಬಾಗ, ಜತ್ತದ ಕಡೆಯ ಕನ್ನಡಿಗರು ಇಂದಿಗೂ ಮಿರಜಕ್ಕೇ ಬರುತ್ತಾರೆ. 2024ರ ಅಕ್ಟೋಬರ್‌ನಿಂದ 70 ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ ಉಂಟು.

ಆದರೆ ಕಾರ್ಡು ಮಾಡಿಸುವಾಗ ಸಾಮಾನ್ಯವಾಗಿ ಓಟಿಪಿ ಕೇಳುತ್ತಾರೆ. ಆಧಾರಿಗೆ ಜೋಡಿಸಿದ ಮೊಬೈಲು ಪುಣೆಯಲ್ಲಿರುವ ಮಗನ ಕೈಯಲ್ಲಿ. ಯೋಜನೆ ದಾಖಲಾದವರಿಗೆ, ದಿನದ ಬಿಪಿ, ಶುಗರ್ ಗುಳಿಗೆಗೆ ಅದು ಅನ್ವಯಿಸದು. ಕೌಂಟರಿನಲ್ಲಿ ಮರಾಠಿಯಲ್ಲಿ ಕೇಳಿದ್ದು ತಿಳಿಯದೆ ಎಷ್ಟೋ ಹಿರಿಯರು ತಲೆಯಾಡಿಸಿ ಮರಳುತ್ತಾರೆ. ಮಗ, ಸೊಸೆ ಜೊತೆಗಿರುವವರು ಮೊದಲು ಇಳಿಯುತ್ತಾರೆ.

ಬಲಿಪೂಜೆ ಮುಗಿದ ಮೇಲೆ ನಾವೂ “ಆಯಿ, ಆರಾಮ ಇದ್ದೀರೇನ್ರಿ?” ಎನ್ನುತ್ತೇವೆ, ಉತ್ತರ ಬರುವ ಮೊದಲೇ ಗಾಡಿ ಚಾಲೂ ಮಾಡಿರುತ್ತೇವೆ. ಅವರಿಗಾಗಿ ಪ್ರಾರ್ಥಿಸುವ ನಾವು ಓಪಿಡಿ ಸಾಲಿನಲ್ಲಿ ಅವರೊಡನೆ ನಿಂತದ್ದು ಕಡಿಮೆ.

ಮರಾಠಿ ಬಲ್ಲ, ವಾರಕ್ಕೆ ಅರ್ಧ ದಿನ ಬಿಡುವಿರುವವರು ಬರುವ ಭಾನುವಾರ ಪೂಜೆಯ ನಂತರ ಹೆಸರು ಕೊಡಿರಿ. ಹಿರಿಯರು ಆಧಾರ್ ಕಾರ್ಡು, ಡಾಕ್ಟರ ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ತನ್ನಿರಿ.