ಮುಳುಗಿದ ಊರಿನ ಋಣ

ದೇವಋಣ, ಋಷಿಋಣ, ಪಿತೃಋಣಗಳೆಂದು ಹಿರಿಯರು ಮೂರು ಋಣಗಳನ್ನು ಎಣಿಸಿರುವರು. ಹಲವು ಊರುಗಳ ಬಾಯಾರಿಕೆಯನ್ನು ತಣಿಸಲು ಒಂದೂರು ನೀರಿನಲ್ಲಿ ಮುಳುಗಿದರೆ, ಉಳಿದವರ ತಲೆಯ ಮೇಲೆ ಬರುವ ಋಣವೆಂತಹುದು? ಪರಿಹಾರದ ಹಣ ಸಂದಾಯವಾದ ದಿನವೇ ಅದು ತೀರುವುದೆ?

ಹೆಗ್ಗಡದೇವನಕೋಟೆ ಸೀಮೆಯ ಕಿತ್ತೂರು ಈ ಪ್ರಶ್ನೆಗೆ ನಿದರ್ಶನವಾಗಿದೆ. ಕಪಿಲಾತೀರದ ಈ ಗ್ರಾಮವೇ ಪುನ್ನಾಟ ರಾಜ್ಯದ ರಾಜಧಾನಿಯಾದ ಕೀರ್ತಿಪುರ. ಕ್ರಿ. ಶ. 2ನೆಯ ಶತಮಾನದ ಟಾಲೆಮಿಯು ವೈಡೂರ್ಯದ ನೆಲೆಯೆಂದು ಹೇಳುವ ನಾಡು ಇದೇ ಎಂಬುದು ವಿದ್ವಾಂಸರ ಮತ. ಗಂಗರ ದುರ್ವಿನೀತನ ತಾಯಿ ಪುನ್ನಾಟದ ರಾಜಪುತ್ರಿ. ಇಂತಹ ಸ್ಥಳವು 1974ರಲ್ಲಿ ಮುಗಿದ ಕಬಿನಿ ಜಲಾಶಯದ ಪಾಲಾಯಿತು.

ಅಣೆಕಟ್ಟನ್ನು ಅಧರ್ಮವೆನ್ನಲಾಗದು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಹೊಲಗದ್ದೆಗಳಿಗೆ ಆ ನೀರೇ ಜೀವ. ಹಸಿದವನ ಎಲೆಗೆ ಇತಿಹಾಸವನ್ನು ಬಡಿಸಲಾಗದಷ್ಟೆ. ಆದರೆ ಒಳ್ಳೆಯ ಕಾರ್ಯಕ್ಕೆ ಮಾಡಿದ ಸಾಲವೂ ಸಾಲವೇ.

ಎಡತೊರೆಯವರು ಕಾವೇರಿಯ ಪ್ರವಾಹಕ್ಕೆ ಅಂಜಿ ಎತ್ತರದಲ್ಲಿ ಕೃಷ್ಣರಾಜನಗರವನ್ನು ಕಟ್ಟಿಕೊಂಡಾಗ, ಹಳೆಯ ಊರೂ ಅರ್ಕೇಶ್ವರನ ಗುಡಿಯೂ ಹೊಳೆಯಂಚಿನಲ್ಲಿ ಉಳಿದವು. ಮರಳಿ ಹೋಗಿ ನೋಡಲು ನೆಲವಿತ್ತು. ಕಿತ್ತೂರಿನವರಿಗೆ ಆ ಸಮಾಧಾನವೂ ಇಲ್ಲ.

ಹಣವು ಅಳೆಯಬಹುದಾದುದನ್ನು ಮಾತ್ರ ತೀರಿಸಬಲ್ಲದು. ಹೊಲಕ್ಕೆ ಅಳತೆಯುಂಟು, ಮನೆಗೆ ಬೆಲೆಯುಂಟು. ನೆರೆಯವರ ಒಡನಾಟಕ್ಕೆ, ಹಿರಿಯರನ್ನು ಹೂಳಿದ ಮಣ್ಣಿಗೆ ಏನು ಬೆಲೆ? ಪಟ್ಟಾ ಎಂಬುದನ್ನೇ ಕಾಣದೆ ಕಾಡಿನ ಹಾಡಿಯಲ್ಲಿ ಬಾಳಿದ ಜೇನುಕುರುಬನ ನಷ್ಟವು ಯಾವ ಕಡತದಲ್ಲಿ ಸೇರೀತು?

ಹೆಸರು ಉಳಿದರೆ ಸಾಕೆಂದು ಕೆಲವರು ಹೇಳಬಹುದು. ಹೆಸರಿಗೆ ಬಲವಿರುವುದೂ ನಿಜ. ಪಡುವಣ ಭಾರತದಲ್ಲಿ 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನು ಪುನ್ನಾಟ ಸಂಘದವನು. ನಾಡನ್ನು ಬಿಟ್ಟು ಅಷ್ಟು ದೂರ ನಡೆದ ಯತಿಗಳ ಸಂಘವೂ ನಾಡಿನ ಹೆಸರನ್ನು ಬಿಡಲಿಲ್ಲ. ಆದರೆ ಶಾಸನವು ಅರಸರನ್ನು ಕಾಯ್ದಂತೆ ಪುರಾಣವು ಯತಿಗಳನ್ನು ಕಾಯ್ದಿತು; ಉತ್ತವನನ್ನೂ ಜೇನು ಕೊಯ್ದವನನ್ನೂ ಕಾಯುವವರಾರು?

ಆದುದರಿಂದ ಈ ಋಣಕ್ಕೆ ಎರಡು ಕಂತುಗಳುಂಟು. ಲೆಕ್ಕಕ್ಕೆ ಬಾರದೆ ಹೋದವರನ್ನು ಲೆಕ್ಕಕ್ಕೆ ತರುವುದು ಮೊದಲನೆಯದು. ಅದಿಲ್ಲದೆ ಸ್ಮರಣೆಯು ಬರಿಯ ಉಪಚಾರದ ಮಾತಾದೀತು. ಅವರ ಕಥೆಯನ್ನು ಅರಸರ ಕಥೆಯೊಡನೆ ಮಕ್ಕಳಿಗೆ ಹೇಳುವುದು ಎರಡನೆಯದು. ನಾಲೆಯ ತೂಬನ್ನೆತ್ತುವ ರೈತನ ಮಗನು, ಈ ನೀರು ಯಾರ ಅಂಗಳವನ್ನು ದಾಟಿ ಬಂದಿತೆಂದು ಒಮ್ಮೆ ತಂದೆಯನ್ನು ಕೇಳಿದರೆ, ತಂದೆಗೆ ಉತ್ತರ ತಿಳಿದಿರಬೇಕು.